ನಿಮ್ಮ ಏರ್ ರೈಫಲ್‌ಗೆ ಒಪ್ಪುವ ಪೆಲೆಟ್ ಹುಡುಕುವುದು ಹೇಗೆ?

"ಸಾರ್, ಯಾವ ಪೆಲೆಟ್ ತಗೊಳ್ಳಲಿ?" ಬೆಂಗಳೂರಿನಲ್ಲಿ 10 ಮೀಟರ್ ಏರ್ ರೈಫಲ್ ಕಲಿಯುತ್ತಿರುವ ಮಕ್ಕಳು, ಅವರ ಅಪ್ಪ ಅಮ್ಮಂದಿರು ವಾರಕ್ಕೊಮ್ಮೆಯಾದರೂ ನನ್ನನ್ನು ಕೇಳುವ ಪ್ರಶ್ನೆ ಇದು. ಪೆಲೆಟ್ ಅಂದರೆ ಏರ್ ರೈಫಲ್‌ಗೆ ಹಾಕಿ ಹೊಡೆಯುವ ಪುಟ್ಟ ಗುಂಡು. ಒಂದು ಕಂಪನಿ ಹೆಸರು ಹೇಳಿಬಿಟ್ಟರೆ ಅವರಿಗೂ ನಿರಾಳ, ನನಗೂ ಸುಲಭ. ಆದರೆ ಹಾಗೆ ಹೇಳಲು ಬರುವುದಿಲ್ಲ. ಪಕ್ಕದ ಲೇನ್‌ನವರ ರೈಫಲ್‌ನಲ್ಲಿ ಒಂದೇ ತೂತಿಗೆ ಹೋಗುವ ಪೆಲೆಟ್ ನಿಮ್ಮದರಲ್ಲಿ ಚದುರಬಹುದು. ಕಂಪನಿ ಒಂದೇ, ಮಾಡೆಲ್ ಒಂದೇ ಆಗಿದ್ದರೂ ಅಷ್ಟೆ. ತೀರ್ಮಾನ ಮಾಡುವುದು ನಿಮ್ಮ ಬ್ಯಾರೆಲ್, ಅಂದರೆ ಗುಂಡು ಹಾದು ಹೋಗುವ ನಳಿಗೆ. ಅದರ ಉತ್ತರ ಸರಿಯಾಗಿ ಸಿಗಬೇಕಾದರೆ ಕೇಳುವ ಕ್ರಮ ಸರಿ ಇರಬೇಕು. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕಾನೂನಿನ ಮಾತು

ಈ ಲೇಖನ ಕಾಗದದ ಗುರಿಗೆ ಹೊಡೆಯುವವರಿಗೆ ಮಾತ್ರ. "ಊರಿಗೆ ಹೋದಾಗ ತೋಟದಲ್ಲಿ ಹಕ್ಕಿ ಹೊಡೆಯೋಕೆ ಯಾವುದು ಚೆನ್ನಾಗಿರುತ್ತೆ?" ಅಂತಲೂ ಕೆಲವರು ಕೇಳುತ್ತಾರೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಏರ್ ಗನ್‌ನಲ್ಲಿ ಹೊಡೆದರೂ ಬೇಟೆ ಬೇಟೆಯೇ. ಕೇಸ್ ಆಗುತ್ತದೆ, ಆಗಲೂಬೇಕು.

4.5 ಮಿ.ಮೀ. ಮೀರದ, 20 ಜೂಲ್‌ಗಿಂತ ಜಾಸ್ತಿ ಶಕ್ತಿ ಇಲ್ಲದ ಏರ್ ರೈಫಲ್‌ಗೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಕೊಳ್ಳುವಾಗ ಗುರುತಿನ ಚೀಟಿ, ವಿಳಾಸದ ದಾಖಲೆ ಕೊಡಬೇಕು. ಜೂಲ್ ಅಂದರೆ ಪೆಲೆಟ್ ಬ್ಯಾರೆಲ್ ಬಿಡುವಾಗ ಅದರಲ್ಲಿರುವ ಶಕ್ತಿಯ ಅಳತೆ. 10 ಮೀಟರ್ ಸ್ಪರ್ಧೆಯ ರೈಫಲ್‌ಗಳಲ್ಲಿ ಇದು ಸುಮಾರು 7.5 ಜೂಲ್ ಇರುತ್ತದೆ. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಅದು ಆಟದ ಸಾಮಾನಲ್ಲ. ಹತ್ತಿರದಿಂದ ತಗುಲಿದರೆ ಕಣ್ಣೇ ಹೋಗುತ್ತದೆ.

ಟೆಸ್ಟ್ ಎಲ್ಲಿ ಮಾಡಬೇಕು? ಕ್ಲಬ್ಬಿನ ರೇಂಜ್‌ನಲ್ಲಿ. 30-40 ಸೈಟಿನ ಮನೆಯ ಉದ್ದ 40 ಅಡಿ, ಅಂದರೆ 12 ಮೀಟರ್ ಚಿಲ್ಲರೆ. ಲೆಕ್ಕದಲ್ಲಿ 10 ಮೀಟರ್ ಸಿಗುತ್ತದೆ ಅಂತ ತುಂಬಾ ಜನ ಟೆರೇಸ್ ಮೇಲೆ ಶುರು ಮಾಡುತ್ತಾರೆ. ದಯವಿಟ್ಟು ಬೇಡ. ಪಕ್ಕದ ಮನೆಯವರು ಅಲ್ಲೇ ಬಟ್ಟೆ ಒಣಹಾಕುತ್ತಿರುತ್ತಾರೆ. ಜೊತೆಗೆ ಟೆರೇಸ್ ಗಾಳಿಯಲ್ಲಿ ಮಾಡಿದ ಟೆಸ್ಟಿಗೆ ಅರ್ಥವೂ ಇಲ್ಲ.

ಪೆಲೆಟ್ ಬದಲಿಸಿದರೆ ಎಷ್ಟು ಲಾಭ?

ಈ ಲೆಕ್ಕ ಗೊತ್ತಿದ್ದರೆ ದುಡ್ಡು ಉಳಿಯುತ್ತದೆ. ಸ್ವಲ್ಪ ತಾಳ್ಮೆಯಿಂದ ಓದಿ.

10 ಮೀಟರ್ ರೈಫಲ್‌ನ ಗುರಿ ಕಾರ್ಡಿನಲ್ಲಿ 10ರ ಚುಕ್ಕೆ ಬರೀ 0.5 ಮಿ.ಮೀ. ಅಗಲ. ಪೆಲೆಟ್ ಅಂಚು ಅದಕ್ಕೆ ತಾಗಿದರೆ 10.0. ಪೆಲೆಟ್ ಕೇಂದ್ರ ಗುರಿಯ ಕೇಂದ್ರಕ್ಕೆ ಹತ್ತಿರವಾದಂತೆ ಪ್ರತಿ 0.25 ಮಿ.ಮೀ.ಗೆ 0.1 ಅಂಕ ಏರುತ್ತಾ 10.9ರವರೆಗೆ ಹೋಗುತ್ತದೆ. ಅಂದರೆ ಕಾಲು ಮಿಲಿಮೀಟರಿಗೆ ಒಂದು ದಶಮಾಂಶ. ಪೆಲೆಟ್ ತಪ್ಪಿನಿಂದಲೇ ಪ್ರತಿ ಶಾಟಿಗೆ ಸರಾಸರಿ 0.1 ಕಳೆದುಹೋದರೆ 60 ಶಾಟಿನ ಮ್ಯಾಚಿನಲ್ಲಿ 6 ಅಂಕ ಹೋಯಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಅವರ ಚಿನ್ನಕ್ಕೂ ಎರಡನೇ ಸ್ಥಾನಕ್ಕೂ ಇದ್ದ ಅಂತರ 0.8: 700.5 ಮತ್ತು 699.7. ಮೇಲಿನ ಮಟ್ಟದಲ್ಲಿ ಪೆಲೆಟ್ ಬಗ್ಗೆ ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ಈಗ ಗೊತ್ತಾಯಿತು, ಅಲ್ವಾ?

ಆದರೆ ಹೊಸಬರ ಲೆಕ್ಕ ಬೇರೆ. ನಿಮ್ಮ ಕೈಯಿಂದ ಆಗುವ ಚದುರುವಿಕೆ ಮತ್ತು ಪೆಲೆಟ್‌ನಿಂದ ಆಗುವ ಚದುರುವಿಕೆ ನೇರವಾಗಿ ಕೂಡಿಕೊಳ್ಳುವುದಿಲ್ಲ. ಎರಡನ್ನೂ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯಬೇಕು. ನಿಮ್ಮ ಕೈಯದು 6 ಮಿ.ಮೀ., ಪೆಲೆಟ್‌ನದು 2 ಮಿ.ಮೀ. ಅಂತಿಟ್ಟುಕೊಳ್ಳಿ. ಒಟ್ಟು ಸುಮಾರು 6.3. ದುಬಾರಿ ಪೆಲೆಟ್ ತಂದು ಆ 2 ಅನ್ನು 1ಕ್ಕೆ ಇಳಿಸಿದರೆ 6.1. ಇಷ್ಟೇ ಲಾಭ. ಅದೇ ಕೈ 3 ಮಿ.ಮೀ.ಗೆ ಬಂದಿದ್ದರೆ 3.6 ಇದ್ದದ್ದು 3.2 ಆಗುತ್ತದೆ. ಎರಡರಷ್ಟು ಲಾಭ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ನಿಮ್ಮ ಸರಾಸರಿ ಇನ್ನೂ 9.5ರ ಆಸುಪಾಸಿನಲ್ಲಿದ್ದರೆ ಒಂದು ನಂಬಿಕಸ್ಥ ಮ್ಯಾಚ್ ಪೆಲೆಟ್ (ಸ್ಪರ್ಧೆಗೆಂದೇ ಮಾಡಿದ್ದು) ತಗೊಂಡು ಸುಮ್ನೆ ಅಭ್ಯಾಸ ಮಾಡಿ. 10ರ ಮೇಲೆ ನಿಲ್ಲಲು ಶುರುವಾದ ಮೇಲೆ ಈ ಟೆಸ್ಟಿಗೆ ಬನ್ನಿ.

ಒಂದು ಅಪವಾದ ಇದೆ. ಸ್ಕೋರ್ ಇದ್ದಕ್ಕಿದ್ದಂತೆ ಬಿದ್ದರೆ ಯಾವ ಮಟ್ಟದವರಾದರೂ ಪೆಲೆಟ್ ನೋಡಿ. ನಮ್ಮ ಜೊತೆ ಅಭ್ಯಾಸ ಮಾಡುತ್ತಿದ್ದ ಹುಡುಗಿಯೊಬ್ಬಳಿಗೆ ಎರಡು ವಾರ "ಉಸಿರು ಸರಿ ಇಲ್ಲ, ಟ್ರಿಗರ್ ಎಳೀತಿದ್ದೀಯ" ಅಂತಲೇ ಹೇಳಿದೆವು. ಕೊನೆಗೆ ರೈಫಲನ್ನು ಅಲುಗಾಡದಂತೆ ಬಿಗಿ ಹಿಡಿಯುವ ವೈಸ್‌ಗೆ ಹಾಕಿ ನೋಡಿದರೆ ಹೊಸ ಡಬ್ಬಿಯ ಪೆಲೆಟ್ ಹಳೆಯದರ ಎರಡರಷ್ಟು ಚದುರುತ್ತಿತ್ತು. ಕಂಪನಿ ಅದೇ, ಬ್ಯಾಚ್ ಬೇರೆ. ಆ ಮಗುವಿನ ಕ್ಷಮೆ ಕೇಳಿದೆ. ಅವತ್ತಿನಿಂದ ನಾನು ಈ ಟೆಸ್ಟನ್ನು ಬಿಟ್ಟಿಲ್ಲ.

ಬೇಕಾಗುವ ಸಾಮಾನು

ನಾಲ್ಕು ಬಗೆಯ ಪೆಲೆಟ್, ಒಂದೊಂದರಲ್ಲಿ ಕನಿಷ್ಠ 50. ನಾಲ್ಕು ಡಬ್ಬಿ ಕೊಳ್ಳಬೇಕಿಲ್ಲ. ಕ್ಲಬ್ಬಿನಲ್ಲಿ ಒಬ್ಬೊಬ್ಬರ ಹತ್ತಿರ ಒಂದೊಂದು ಬಗೆ ಇರುತ್ತದೆ, 50 ಪೆಲೆಟ್ ಅದಲು ಬದಲು ಮಾಡಿಕೊಳ್ಳಿ. ಆರ್‌ಡಬ್ಲ್ಯೂಎಸ್ ಆರ್10, ಎಚ್ ಆಂಡ್ ಎನ್ ಫಿನಾಲೆ ಮ್ಯಾಚ್, ಜೆಎಸ್‌ಬಿ ಮ್ಯಾಚ್ ಇವು ನಮ್ಮ ಶೂಟರ್‌ಗಳ ಕೈಯಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು. ರೈಫಲ್‌ಗೆ 0.53 ಗ್ರಾಂ ಆಸುಪಾಸಿನ ತೂಕ ತಗೊಳ್ಳಿ. ಇದೇ ಹೆಸರಿನಲ್ಲಿ ಪಿಸ್ತೂಲಿಗೆ ಅಂತ ಹಗುರದ್ದೂ ಬರುತ್ತದೆ. ಅಂಗಡಿಯವರು ಅವಸರದಲ್ಲಿ ಅದನ್ನು ಕೊಟ್ಟುಬಿಡಬಹುದು. ಡಬ್ಬಿ ಮೇಲಿನ ತೂಕ ನೀವೇ ಓದಿ.

ಪೆಲೆಟ್ ತಲೆ ಚಪ್ಪಟೆ ಇರಬೇಕು. ಅದು ಕಾರ್ಡಿನಲ್ಲಿ ಪಂಚಿಂಗ್ ಮಷೀನಿನ ಹಾಗೆ ದುಂಡನೆ ತೂತು ಕತ್ತರಿಸುತ್ತದೆ. ಚೂಪು ತಲೆಯದು ಕಾಗದ ಹರಿಯುತ್ತದೆ, ಅಳೆಯಲು ಆಗುವುದಿಲ್ಲ.

ಇನ್ನು ಡಿಜಿಟಲ್ ವರ್ನಿಯರ್ ಕ್ಯಾಲಿಪರ್. ಎಸ್.ಜೆ.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಅಧಿಕೃತ ಟಾರ್ಗೆಟ್ ಕಾರ್ಡ್ ಅಥವಾ ಅಷ್ಟೇ ದಪ್ಪದ ಬಿಳಿ ಕಾರ್ಡ್ ಬೇಕು. ಜೆರಾಕ್ಸ್ ಹಾಳೆ ನಡೆಯುವುದಿಲ್ಲ, ತೂತಿನ ಅಂಚು ಪಿಸಿಯುತ್ತದೆ. ರೈಫಲ್ ಹಿಡಿಯಲು ಒಂದು ವೈಸ್, ಅದಿಲ್ಲದಿದ್ದರೆ ಮರಳು ಚೀಲ. ಹಳೆ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಣ ಮರಳು ತುಂಬಿ, ಎರಡೂ ಕಡೆ ಹೊಲಿದರೆ ಒಳ್ಳೆ ಚೀಲ ಆಗುತ್ತದೆ. ಕಣ್ಣಿಗೆ ಸುರಕ್ಷತಾ ಕನ್ನಡಕ ಇರಲೇಬೇಕು.

ಹಂತ 1: ಡಬ್ಬಿ ಓದುವುದು

ಪೆಲೆಟ್ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಡಮರು ಆಕಾರ. ಮುಂದೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಲಂಗದ ಹಾಗೆ ಅರಳಿದ ಟೊಳ್ಳು ಭಾಗ. ಇದನ್ನು ಸ್ಕರ್ಟ್ ಅನ್ನುತ್ತಾರೆ. ಗಾಳಿ ಒತ್ತಿದಾಗ ಸ್ಕರ್ಟ್ ಅರಳಿ ಬ್ಯಾರೆಲ್ ಗೋಡೆಗೆ ಅಂಟುತ್ತದೆ, ಗಾಳಿ ಸೋರದಂತೆ ತಡೆಯುತ್ತದೆ. ತಲೆ ಬ್ಯಾರೆಲ್ ಒಳಗಿನ ಸುರುಳಿ ಗೀರುಗಳ ಮೇಲೆ ಜಾರುತ್ತಾ ನೇರ ಹೋಗುತ್ತದೆ. ಆ ಗೀರುಗಳಿಗೆ ರೈಫ್ಲಿಂಗ್ ಅಂತ ಹೆಸರು. ಪೆಲೆಟ್ ಗಿರಗಿರ ತಿರುಗುತ್ತಾ ಹೊರಡುವುದು ಅವುಗಳಿಂದಲೇ.

ಡಬ್ಬಿಯ ಚೀಟಿಯಲ್ಲಿ 4.49, 4.50 ಅಂತ ಒಂದು ಅಳತೆ ಇರುತ್ತದೆ. ಅದು ತಲೆಯ ಅಗಲ, ಮಿಲಿಮೀಟರಿನಲ್ಲಿ. ಒಂದರಿಂದ ಇನ್ನೊಂದಕ್ಕೆ ವ್ಯತ್ಯಾಸ 0.01 ಮಿ.ಮೀ. ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಆದರೂ ಬ್ಯಾರೆಲ್‌ಗೆ ಅದು ಗೊತ್ತಾಗುತ್ತದೆ. ಹಾಗಾಗಿ ಒಂದೇ ಕಂಪನಿಯ 4.49 ಮತ್ತು 4.50 ನಿಮ್ಮ ಟೆಸ್ಟಿನಲ್ಲಿ ಎರಡು ಬೇರೆ ಬೇರೆ ಪೆಲೆಟ್.

ಇಲ್ಲಿ ಜನ ಎಡವುವುದು ಹೀಗೆ: ಒಂದು ಕಂಪನಿಯ 4.50 ಚೆನ್ನಾಗಿ ಹೋಯಿತು, ಇನ್ನೊಂದು ಕಂಪನಿಯ 4.50 ಕೂಡ ಹೋಗುತ್ತದೆ ಅಂದುಕೊಳ್ಳುತ್ತಾರೆ. ಆಕಾರ, ಸೀಸದ ಮೃದುತ್ವ, ಸ್ಕರ್ಟ್ ದಪ್ಪ ಎಲ್ಲ ಬೇರೆ ಇರುವಾಗ ಆ ಒಂದು ಅಂಕಿ ಏನೂ ಹೇಳುವುದಿಲ್ಲ.

ಬ್ಯಾಚ್ ನಂಬರ್ ಬರೆದುಕೊಳ್ಳಿ. ಡಬ್ಬಿ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮೊಬೈಲ್‌ನಲ್ಲಿ ಒಂದು ಫೋಟೋ ಹೊಡೆದರೆ ಸಾಕು.

ಹಂತ 2: ಹಾಳಾದದ್ದನ್ನು ಆರಿಸಿ ತೆಗೆಯುವುದು

ಅಕ್ಕಿ ಆರಿಸುವ ಹಾಗೆ. ಬಿಳಿ ಬಟ್ಟೆ ಮೇಲೆ 50 ಪೆಲೆಟ್ ಹರಡಿ. ಸ್ಕರ್ಟ್ ಮೇಲೆ ಬರುವಂತೆ ನಿಲ್ಲಿಸಿ, ಮೇಲಿನಿಂದ ನೋಡಿ. ದುಂಡಗಿರಬೇಕು. ಒಂದು ಕಡೆ ಚಪ್ಪಟೆಯಾಗಿದ್ದರೆ, ನೆಗ್ಗಿದ್ದರೆ, ಅಂಚಿನಲ್ಲಿ ಸೀಸದ ಎಳೆ ಅಂಟಿದ್ದರೆ ಪಕ್ಕಕ್ಕಿಡಿ. ಆಮೇಲೆ ಒಂದು ಗಾಜಿನ ಮೇಲೆ ಮಲಗಿಸಿ ಉರುಳಿಸಿ. ಸರಿ ಇರುವುದು ನುಣ್ಣಗೆ ಬಿಲ್ಲಿನ ಹಾಗೆ ಸುತ್ತುತ್ತದೆ. ನೆಗ್ಗಿದ್ದು ಕುಂಟುತ್ತದೆ, ಕಣ್ಣಿಗೇ ಕಾಣುತ್ತದೆ.

ಡಬ್ಬಿ ಅಲ್ಲಾಡಿಸಬೇಡಿ. ನಮ್ಮ ರಸ್ತೆಗಳ ಹಂಪು ಗುಂಡಿಗಳಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಯಲಹಂಕದಿಂದ ಕೆಂಗೇರಿಗೆ ಹೋಗಿ ಬಂದ ಡಬ್ಬಿ ತೆರೆದರೆ ತಳದಲ್ಲಿ ಕಪ್ಪು ಪುಡಿ ಕಾಣುತ್ತದೆ. ಪೆಲೆಟ್‌ಗಳು ಒಂದಕ್ಕೊಂದು ಉಜ್ಜಿ ಉದುರಿದ ಸೀಸ ಅದು. ಡಬ್ಬಿ ಒಳಗೆ ಬರುವ ಸ್ಪಂಜಿನ ಬಿಲ್ಲೆಯನ್ನು ತುಂಬಾ ಜನ ಎಸೆದುಬಿಡುತ್ತಾರೆ. ಎಸೆಯಬೇಡಿ. ಪೆಲೆಟ್ ಅಲುಗಾಡದಂತೆ ಅದುಮಿ ಹಿಡಿಯಲು ಅದು ಇರುವುದು.

ತೂಕ ಮಾಡಬೇಕಾ? ಲೆಕ್ಕ ನೋಡಿ. ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ಮುಟ್ಟುವಷ್ಟರಲ್ಲಿ ಸುಮಾರು 18 ಮಿ.ಮೀ. ಕೆಳಗಿಳಿದಿರುತ್ತದೆ. ವೇಗ ಶೇಕಡಾ 1 ಕಡಿಮೆಯಾದರೆ ಇನ್ನೂ 0.35 ಮಿ.ಮೀ. ಜಾಸ್ತಿ ಇಳಿಯುತ್ತದೆ. ತೂಕ 0.01 ಗ್ರಾಂ ಹೆಚ್ಚಾದರೆ ವೇಗ ಹತ್ತಿರ ಹತ್ತಿರ ಶೇಕಡಾ 1 ಇಳಿಯುತ್ತದೆ. ಅಂದರೆ 0.01 ಗ್ರಾಂ ವ್ಯತ್ಯಾಸ ಅಂದರೆ 0.1 ಅಂಕಕ್ಕಿಂತ ಸ್ವಲ್ಪ ಜಾಸ್ತಿ. ಒಳ್ಳೆ ಮ್ಯಾಚ್ ಪೆಲೆಟ್‌ಗಳಲ್ಲಿ ತೂಕದ ಏರುಪೇರು ಇದಕ್ಕಿಂತ ಕಡಿಮೆಯೇ ಇರುತ್ತದೆ. ಆದ್ದರಿಂದ ಒಂದೊಂದನ್ನೂ ತೂಗುವ ಅಗತ್ಯ ನನಗೆ ಕಂಡಿಲ್ಲ. ಪ್ರತಿ ಬಗೆಯಲ್ಲಿ 20 ತೂಗಿ ನೋಡಿ, ಏರುಪೇರು ಜಾಸ್ತಿ ಇದ್ದರೆ ಆ ಬಗೆಯನ್ನೇ ಕೈಬಿಡಿ. ಇದಕ್ಕೆ 0.001 ಗ್ರಾಂ ತೋರಿಸುವ ತಕ್ಕಡಿ ಬೇಕು. ಅಡುಗೆಮನೆ ತಕ್ಕಡಿಯಿಂದ ಆಗದ ಕೆಲಸ. ಗುರುತಿನ ಚಿನ್ನದ ಅಂಗಡಿಯವರಿದ್ದರೆ ಅವರ ತಕ್ಕಡಿ ಕೇಳಿ ನೋಡಿ.

ಹಂತ 3: ರೈಫಲ್ ಸಿದ್ಧ ಮಾಡುವುದು

ಬ್ಯಾರೆಲ್ ಸ್ವಚ್ಛ ಮಾಡಿ. ಫೆಲ್ಟ್ ಪೆಲೆಟ್ ಅಂತ ಸಿಗುತ್ತದೆ, ಉಣ್ಣೆ ಉಂಡೆಯ ಹಾಗೆ ಇರುತ್ತದೆ. ನಿಮ್ಮ ರೈಫಲ್ ಕೈಪಿಡಿಯಲ್ಲಿ ಹೇಳಿದ ಹಾಗೆ ಬಳಸಿ. ಕಂಪನಿ ಹೇಳದ ಎಣ್ಣೆ ಹಾಕಬೇಡಿ. ಒತ್ತಿದ ಗಾಳಿ ಇರುವ ಕಡೆ ಎಣ್ಣೆ ಹೋದರೆ ಹೊತ್ತಿಕೊಳ್ಳುವ ಅಪಾಯ ಇದೆ. ಸ್ವಚ್ಛ ಮಾಡಿದ ಮೇಲೆ 20 ಶಾಟ್ ಸುಮ್ನೆ ಹೊಡೆದು ಬಿಡಿ. ಈಗಷ್ಟೇ ಒರೆಸಿದ ಬ್ಯಾರೆಲ್ ಮೊದಲ ಕೆಲವು ಗುಂಡುಗಳನ್ನು ಬೇರೆ ಕಡೆ ಕಳಿಸುತ್ತದೆ.

ಎಲ್ಲ ಸ್ಕ್ರೂ ಬಿಗಿ ಇವೆಯಾ ನೋಡಿ. ಸಡಿಲ ಸೈಟ್ (ಗುರಿ ನೋಡುವ ಸಾಧನ) ಇಟ್ಟುಕೊಂಡು ಪೆಲೆಟ್ ಬೈದವರನ್ನು ತುಂಬಾ ನೋಡಿದ್ದೇನೆ.

ಒತ್ತಿದ ಗಾಳಿಯ ಸಿಲಿಂಡರ್ ಇರುವ ರೈಫಲ್ ಆದರೆ ಗಾಳಿ ಪೂರ್ತಿ ತುಂಬಿಸಿ. ಸಾಮಾನ್ಯವಾಗಿ 200 ಬಾರ್. ಬಾರ್ ಅಂದರೆ ಒತ್ತಡದ ಅಳತೆ. ನಾನು ಗೇಜ್ 100 ಬಾರ್ ತೋರಿಸಿದರೆ ಟೆಸ್ಟ್ ನಿಲ್ಲಿಸಿ ಮತ್ತೆ ತುಂಬಿಸುತ್ತೇನೆ. ಒತ್ತಡ ತೀರಾ ಇಳಿದರೆ ರೆಗ್ಯುಲೇಟರ್ (ಪ್ರತಿ ಶಾಟಿಗೂ ಒಂದೇ ಒತ್ತಡ ಕೊಡುವ ಭಾಗ) ಒಂದೇ ವೇಗ ಕೊಡಲಾರದು, ಆಗ ಗುಂಡುಗಳ ಗೊಂಚಲು ಕೆಳಗೆ ಉದ್ದವಾಗುತ್ತದೆ. ತುಂಬಿಸುವುದು ಒಣ ಗಾಳಿಯನ್ನು ಮಾತ್ರ. ಆಕ್ಸಿಜನ್ ಎಂದಿಗೂ ತುಂಬಿಸಬಾರದು, ಸ್ಫೋಟ ಆಗುತ್ತದೆ. ಸಿಲಿಂಡರ್ ಮೇಲೆ ತಯಾರಾದ ದಿನಾಂಕ ಇರುತ್ತದೆ. ಮ್ಯಾಚ್ ರೈಫಲ್ ಸಿಲಿಂಡರ್‌ಗಳಿಗೆ ಕಂಪನಿಗಳು ಕೊಡುವ ಅವಧಿ ಸಾಮಾನ್ಯವಾಗಿ 10 ವರ್ಷ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಇದನ್ನೇ ನೋಡಬೇಕು.

ಹಂತ 4: ಹಿಡಿತ

ವೈಸ್ ಇದ್ದರೆ ಮರದ ಅಥವಾ ಅಲ್ಯೂಮಿನಿಯಂ ಹಿಡಿಕೆ ಬಿಚ್ಚಿ, ರೈಫಲ್‌ನ ಲೋಹದ ಮೈಯನ್ನು ವೈಸ್‌ಗೆ ಹಾಕಿ. ನಡುವೆ ಚರ್ಮ ಅಥವಾ ದಪ್ಪ ರಬ್ಬರ್ ಇರಲಿ. ಬ್ಯಾರೆಲ್ ಮೇಲೆ, ಸಿಲಿಂಡರ್ ಮೇಲೆ ಒತ್ತಡ ಬೀಳಬಾರದು. ಇದು ಗೊತ್ತಿಲ್ಲದವರು ಒಬ್ಬರೇ ಮಾಡಬೇಡಿ, ಕ್ಲಬ್ಬಿನಲ್ಲಿ ರೈಫಲ್ ರಿಪೇರಿ ಗೊತ್ತಿರುವವರ ಕೈಯಲ್ಲಿ ಮಾಡಿಸಿ. ವೈಸ್‌ನ ಅನುಕೂಲ ಏನೆಂದರೆ ಗುರಿ ಹಿಡಿಯುವ ಕೆಲಸವೇ ಇಲ್ಲ. ರೈಫಲ್ ಎಲ್ಲಿ ನೋಡುತ್ತಿದೆಯೋ ಅಲ್ಲಿ ಬಿಳಿ ಕಾರ್ಡ್ ಇಟ್ಟರಾಯಿತು.

ಮರಳು ಚೀಲವಾದರೆ ಮುಂಭಾಗ ಒಂದರ ಮೇಲೆ, ಹಿಂಭಾಗ ಇನ್ನೊಂದರ ಮೇಲೆ. ಪ್ರತಿ ಸಲ ಅದೇ ಜಾಗ ಚೀಲದ ಮೇಲೆ ಕೂರಬೇಕು, ಹಿಡಿಕೆ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ಬೆಂಚ್ ಅಲ್ಲಾಡಬಾರದು.

ಸ್ಪ್ರಿಂಗ್ ರೈಫಲ್ ಇರುವವರು, ಅಂದರೆ ಬ್ಯಾರೆಲ್ ಮುರಿದು ಅಥವಾ ಲಿವರ್ ಎಳೆದು ಹೊಡೆಯುವವರು, ವೈಸ್‌ಗೆ ಹಾಕಲೇಬೇಡಿ. ಒಳಗಿನ ಭಾರದ ಪಿಸ್ಟನ್ ಮುಂದೆ ಹಾರುವಾಗ ರೈಫಲ್ ಕುಣಿಯುತ್ತದೆ. ಬಿಗಿಯಾಗಿ ಹಿಡಿದರೆ ಗುಂಡು ಎಲ್ಲೆಲ್ಲೋ ಹೋಗುತ್ತದೆ. ತೆರೆದ ಅಂಗೈ ಮೇಲೆ ಇಟ್ಟು, ಅಂಗೈ ಹಿಂಭಾಗವನ್ನು ಚೀಲದ ಮೇಲೆ ಊರಿ, ರೈಫಲ್‌ಗೆ ತನ್ನಷ್ಟಕ್ಕೆ ಕದಲಲು ಬಿಡಿ.

ಹಂತ 5: ಹೊಡೆಯುವುದು

ಎಲ್ಲಕ್ಕಿಂತ ಜಾಸ್ತಿ ತಪ್ಪು ಆಗುವುದು ಇಲ್ಲೇ. ಗ್ರೂಪ್ ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳ ಗೊಂಚಲು. ಬಹಳ ಜನ 5 ಗುಂಡಿನ ಒಂದು ಗ್ರೂಪ್ ಹೊಡೆದು, ಚಿಕ್ಕದಾಗಿ ಬಂದ ಕಾರ್ಡಿನ ಫೋಟೋ ವಾಟ್ಸಾಪ್‌ಗೆ ಹಾಕಿ, ಸಂಜೆಗೇ ಹತ್ತು ಡಬ್ಬಿ ಆರ್ಡರ್ ಮಾಡುತ್ತಾರೆ. ಆ ಗ್ರೂಪ್ ಅದೃಷ್ಟದಿಂದ ಬಂದದ್ದಿರಬಹುದು. ಒಂದೇ ಪೆಲೆಟ್, ಒಂದೇ ಬ್ಯಾರೆಲ್, ಒಂದೇ ಮಧ್ಯಾಹ್ನ. ಆದರೂ 5ರ ಒಂದು ಗ್ರೂಪ್ ಇನ್ನೊಂದರ ಒಂದೂವರೆ ಪಟ್ಟು ಬರುವುದು ಮಾಮೂಲು. ಪೆಲೆಟ್ ಏನೂ ಬದಲಾಗಿರುವುದಿಲ್ಲ.

ಆದ್ದರಿಂದ ಪ್ರತಿ ಬಗೆಗೆ 10 ಗುಂಡಿನ ಮೂರು ಗ್ರೂಪ್. ಒಟ್ಟು 30. ಕಡಿಮೆ ಮಾಡಬೇಡಿ. ಗುಂಡು ಜಾಸ್ತಿಯಾದಂತೆ ಗ್ರೂಪ್ ಸಹಜವಾಗಿ ದೊಡ್ಡದಾಗುತ್ತದೆ. 10ರ ಗ್ರೂಪ್ 5ರದಕ್ಕಿಂತ ಸರಾಸರಿ ಕಾಲು ಭಾಗ ದೊಡ್ಡದು. ಹಾಗಾಗಿ ಸ್ನೇಹಿತರ 5ರ ಗ್ರೂಪ್ ಜೊತೆ ನಿಮ್ಮ 10ರದ್ದನ್ನು ಹೋಲಿಸಿ ಬೇಜಾರು ಮಾಡಿಕೊಳ್ಳಬೇಡಿ.

ಒಂದೇ ಬಗೆಯ ಮೂರೂ ಗ್ರೂಪನ್ನು ಒಟ್ಟಿಗೆ ಮುಗಿಸಬೇಡಿ. ನಾಲ್ಕು ಬಗೆಗೆ ಅ, ಆ, ಇ, ಈ ಅಂತ ಹೆಸರಿಡಿ. ಮೊದಲ ಸುತ್ತು ಅ, ಆ, ಇ, ಈ. ಎರಡನೇ ಸುತ್ತು ತಿರುವಿ ಈ, ಇ, ಆ, ಅ. ಮೂರನೆಯದು ನಿಮಗೆ ಬಂದ ಹಾಗೆ ಕಲಸಿ. ಬೆಳಗ್ಗೆ ನಿಮ್ಮ ಕಣ್ಣು ತಾಜಾ ಇರುತ್ತದೆ, ಕೊನೆಗೆ ದಣಿದಿರುತ್ತದೆ. ಆ ದಣಿವು ಒಂದೇ ಪೆಲೆಟ್ ತಲೆ ಮೇಲೆ ಬೀಳಬಾರದು.

ಬಗೆ ಬದಲಿಸಿದಾಗ ಮೊದಲ 5 ಗುಂಡು ಲೆಕ್ಕಕ್ಕೆ ಹಿಡಿಯಬೇಡಿ. ಹಿಂದಿನ ಪೆಲೆಟ್ ಬ್ಯಾರೆಲ್‌ನಲ್ಲಿ ಬಿಟ್ಟ ಸೀಸದ ಲೇಪದ ಮೇಲೆ ಹೊಸದು ಹೊಂದಿಕೊಳ್ಳಲು ಅಷ್ಟು ಬೇಕು.

ಪೆಲೆಟ್ ಹಾಕುವಾಗ ಹೆಬ್ಬೆರಳಿಂದ ಮೆಲ್ಲಗೆ, ನೇರವಾಗಿ ಕೂರಿಸಿ. ವಾಲಿಕೊಂಡು ಕೂತದ್ದರ ಮೇಲೆ ಬೋಲ್ಟ್ (ಪೆಲೆಟ್ ಹಿಂದೆ ಮುಚ್ಚಿಕೊಳ್ಳುವ ಭಾಗ) ಮುಚ್ಚಿದರೆ ಸ್ಕರ್ಟ್ ಅಲ್ಲೇ ಕಚ್ಚಿಹೋಗುತ್ತದೆ. ಬೆರಳಿಗೆ ಗೊತ್ತಾಗುವ ಒಂದು ವಿಷಯ ಗಮನಿಸಿ: ಕೆಲವು ಪೆಲೆಟ್ ಒಳಗೆ ಜಾರಿ ಬೀಳುತ್ತವೆ, ಕೆಲವನ್ನು ಒತ್ತಬೇಕು. ಒಂದೇ ಡಬ್ಬಿಯಲ್ಲಿ ಎರಡೂ ಥರ ಬಂದರೆ ಆ ಡಬ್ಬಿಯ ಮೇಲೆ ಅನುಮಾನ ಇರಲಿ.

ಸಾಧ್ಯವಾದರೆ ಯಾವ ಬಗೆ ಅಂತ ನಿಮಗೇ ಗೊತ್ತಿಲ್ಲದ ಹಾಗೆ ಹೊಡೆಯಿರಿ. ತಮ್ಮನೋ ತಂಗಿಯೋ ಖಾಲಿ ಮಾತ್ರೆ ಡಬ್ಬಿಗಳಲ್ಲಿ ಪೆಲೆಟ್ ತುಂಬಿ, ಅಡಿಯಲ್ಲಿ ಗುರುತು ಹಾಕಿ ಕೊಡಲಿ. ದುಬಾರಿ ಪೆಲೆಟ್ ಅಂತ ಗೊತ್ತಿದ್ದರೆ ಕೈ ತಾನಾಗಿ ಹುಷಾರಾಗುತ್ತದೆ. ಮರಳು ಚೀಲದ ಮೇಲೆ ಇದು ತುಂಬಾ ವ್ಯತ್ಯಾಸ ಮಾಡುತ್ತದೆ.

ಹೊಡೆಯುವಾಗ ತಪ್ಪಾಯಿತು ಅಂತ ಅನಿಸಿದರೆ, ಕಾರ್ಡ್ ನೋಡುವ ಮೊದಲೇ ಬಾಯಿಬಿಟ್ಟು ಹೇಳಿ ಆ ಗುಂಡು ಬಿಡಿ. ನೋಡಿದ ಮೇಲೆ "ಅದು ನನ್ನ ತಪ್ಪು" ಅಂತ ತೆಗೆಯುವಂತಿಲ್ಲ.

ಹಂತ 6: ಅಳೆಯುವುದು, ತೀರ್ಮಾನ ಮಾಡುವುದು

ಮೊದಲು ಅದೇ ಕಾರ್ಡಿನ ಮೇಲೆ ಒಂದೇ ಗುಂಡು ಹೊಡೆದು ಆ ತೂತಿನ ಅಗಲ ಅಳೆಯಿರಿ. ಆಮೇಲೆ ಗ್ರೂಪಿನ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಒಂಟಿ ತೂತಿನ ಅಗಲ ಕಳೆಯಿರಿ. ಬಂದದ್ದು ಕೇಂದ್ರದಿಂದ ಕೇಂದ್ರಕ್ಕೆ ಇರುವ ದೂರ. ಒಳ್ಳೆ ಗ್ರೂಪಿನಲ್ಲಿ ಹತ್ತೂ ಸೇರಿ ಒಂದೇ ತೂತಾಗಿರುತ್ತದೆ. ಆಗ ಅದರ ಅತಿ ಅಗಲದ ಜಾಗ ಅಳೆದು, ಒಂಟಿ ತೂತಿನ ಅಗಲ ಕಳೆದರೆ ಆಯಿತು.

ಒಂದು ಉದಾಹರಣೆ ಕೊಡುತ್ತೇನೆ. ಅಂಕಿಗಳು ವಿವರಿಸಲು ನಾನು ಇಟ್ಟುಕೊಂಡವು. 'ಅ' ಬಗೆ: 1.4, 1.7, 1.5 ಮಿ.ಮೀ. 'ಆ' ಬಗೆ: 1.2, 2.1, 1.6. 'ಇ' ಬಗೆ: 2.6, 2.3, 2.9. ಅತಿ ಚಿಕ್ಕ ಗ್ರೂಪ್ ಯಾರದು? 'ಆ'. ಒಂದೇ ಕಾರ್ಡ್ ನೋಡುವವರು ಅದನ್ನೇ ಕೊಳ್ಳುತ್ತಾರೆ. ಆದರೆ ಸರಾಸರಿ ನೋಡಿ. 'ಅ' 1.5, 'ಆ' 1.6. ಮೂರು ಗ್ರೂಪಿನಿಂದ ಇವೆರಡರ ನಡುವೆ ವ್ಯತ್ಯಾಸ ಇದೆ ಅಂತ ಹೇಳಲು ಬರುವುದಿಲ್ಲ. ಎರಡೂ ಸಮ ಅಂತ ತಿಳಿಯಿರಿ. 'ಇ' ಮಾತ್ರ ಖಂಡಿತ ಬೇಡ, ಅದರ ಅತಿ ಒಳ್ಳೆ ಗ್ರೂಪ್ ಕೂಡ ಉಳಿದವರ ಅತಿ ಕೆಟ್ಟದ್ದಕ್ಕಿಂತ ದೊಡ್ಡದು.

ಇಂಥ ಟೆಸ್ಟ್ ಕೆಟ್ಟದ್ದನ್ನು ಖಚಿತವಾಗಿ ತೋರಿಸುತ್ತದೆ. ಒಳ್ಳೆಯವುಗಳಲ್ಲಿ ಯಾವುದು ಮೇಲು ಅಂತ ಹೇಳಲು ಅದಕ್ಕೆ ಅಷ್ಟು ಸುಲಭವಲ್ಲ. 'ಅ', 'ಆ' ನಡುವೆ ನಿರ್ಧರಿಸಲೇಬೇಕೆಂದರೆ ಇನ್ನೊಂದು ದಿನ ಮತ್ತೆ 30-30 ಹೊಡೆಯಿರಿ. ಇಲ್ಲದಿದ್ದರೆ ಬೆಂಗಳೂರಿನಲ್ಲಿ ಯಾವುದು ಸುಲಭವಾಗಿ ಸಿಗುತ್ತದೋ ಅದನ್ನೇ ಇಟ್ಟುಕೊಳ್ಳಿ. ಹೊರಗಿನಿಂದ ಬರುವ ಸರಕು ತಿಂಗಳುಗಟ್ಟಲೆ ಸಿಗದೆ ಹೋಗುವುದುಂಟು. ಮ್ಯಾಚ್ ಹಿಂದಿನ ವಾರ ಪೆಲೆಟ್ ಇಲ್ಲದೆ ಒದ್ದಾಡುವುದಕ್ಕಿಂತ ಅದು ಎಷ್ಟೋ ಮೇಲು.

ಗ್ರೂಪಿನ ಆಕಾರವನ್ನೂ ನೋಡಿ. ಮೇಲಿನಿಂದ ಕೆಳಗೆ ಉದ್ದವಾಗಿದ್ದರೆ ವೇಗ ಏರುಪೇರಾಗುತ್ತಿದೆ: ಗಾಳಿ ಒತ್ತಡ, ತೂಕ ಅಥವಾ ಸ್ಕರ್ಟ್. ಒಂಬತ್ತು ಒಂದು ಕಡೆ, ಒಂದು ಮಾತ್ರ ದೂರ ಹೋಗಿದ್ದರೆ ಅದು ಬಹುಶಃ ನೆಗ್ಗಿದ ಪೆಲೆಟ್. ಆದರೂ ಲೆಕ್ಕದಿಂದ ತೆಗೆಯಬೇಡಿ. ಮ್ಯಾಚಿನಲ್ಲಿ ಅದನ್ನು ಯಾರೂ ತೆಗೆದುಕೊಡುವುದಿಲ್ಲ.

ಹಂತ 7: ಭುಜದ ಮೇಲೆ ಪರೀಕ್ಷೆ

ಆರಿಸಿದ ಪೆಲೆಟ್‌ನಲ್ಲಿ ನಿಂತು 60 ಶಾಟಿನ ಎರಡು ಪೂರ್ತಿ ಮ್ಯಾಚ್ ಹೊಡೆಯಿರಿ. ಸೈಟ್ ಸೆಟ್ಟಿಂಗ್ ಬದಲಾಗಿರುತ್ತದೆ, ಮೊದಲು ಸರಿ ಮಾಡಿಕೊಳ್ಳಿ. ಹಳೆ ಸೆಟ್ಟಿಂಗಿನಲ್ಲೇ ಹೊಡೆದು ಹೊಸ ಪೆಲೆಟ್ ಸರಿ ಇಲ್ಲ ಅನ್ನುವವರಿದ್ದಾರೆ.

ಸೀಸವಿಲ್ಲದ ಪೆಲೆಟ್ ಬಗ್ಗೆ

ಇತ್ತೀಚೆಗೆ ಅಪ್ಪ ಅಮ್ಮಂದಿರು ಇದನ್ನೂ ಕೇಳುತ್ತಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸೀಸ ಮಕ್ಕಳ ಮೈಗೆ ಕೆಟ್ಟದ್ದು. ತವರದಿಂದ ಮಾಡಿದ ಪೆಲೆಟ್‌ಗಳು ಬರುತ್ತವೆ. ಆದರೆ ಒಂದು ಘನ ಸೆಂ.ಮೀ. ಸೀಸ 11.3 ಗ್ರಾಂ ತೂಗಿದರೆ ತವರ 7.3 ಗ್ರಾಂ ಮಾತ್ರ. ಅದೇ ಆಕಾರದಲ್ಲಿ ಪೆಲೆಟ್ ಹಗುರವಾಗುತ್ತದೆ, ಜೊತೆಗೆ ಗಟ್ಟಿ. ವೇಗ, ಬ್ಯಾರೆಲ್ ಹಿಡಿತ ಎಲ್ಲ ಬದಲು. ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ಸೀಸ ಬಿಟ್ಟು ತಾಮ್ರದ ಗುಂಡಿಗೆ ಬಂದವರಿಗೂ ಇದೇ ಕಥೆ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಹಳೆ ಲೆಕ್ಕ ಯಾವುದೂ ನಡೆಯದೆ ಮೊದಲಿನಿಂದ ಹುಡುಕಬೇಕಾಗುತ್ತದೆ. ನೀವೂ ತವರದ್ದನ್ನು ಬೇರೆಯೇ ಸಾಮಾನು ಅಂತ ತಿಳಿದು, ಇದೇ ಏಳು ಹಂತ ಮಾಡಿ ನೋಡಿ.

ಸೀಸದ್ದನ್ನೇ ಬಳಸುವವರು ರೇಂಜ್ ಒಳಗೆ ತಿಂಡಿ ತಿನ್ನಬೇಡಿ. ಪೆಲೆಟ್ ತುಟಿಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಕೆಲವು ಮಕ್ಕಳಿಗೆ ಇದೆ, ಕಂಡ ಕೂಡಲೇ ಬಿಡಿಸಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ನೀರಿನ ಬಾಟಲಿ ಮುಟ್ಟಬೇಕು. ಟಾರ್ಗೆಟ್ ಹಿಂದಿನ ಧೂಳನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಕೊಳ್ಳುವುದು, ಇಡುವುದು

ಪೆಲೆಟ್ ಗೊತ್ತಾಯಿತು ಅಂದರೆ ಟೆಸ್ಟ್ ಮಾಡಿದ ಅದೇ ಬ್ಯಾಚ್ ನಂಬರಿನ ಡಬ್ಬಿಗಳನ್ನು ಕೇಳಿ. ಅಂಗಡಿಯವರಿಗೆ ಆ ಫೋಟೋ ಕಳಿಸಿ. ಎಷ್ಟು ಬೇಕು? ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ 500 ಇರುತ್ತದೆ. ದಿನಕ್ಕೆ 100 ಹೊಡೆದರೆ ಐದೇ ದಿನ. ಎಲ್ಲ ಅಭ್ಯಾಸಕ್ಕೂ ಇದನ್ನೇ ಬಳಸಿದರೆ ಮನೆಯ ಬಜೆಟ್ ತಡೆಯುವುದಿಲ್ಲ. ದಿನನಿತ್ಯಕ್ಕೆ ಕಡಿಮೆ ಬೆಲೆಯದು, ಮ್ಯಾಚಿಗೂ ಅದರ ಹಿಂದಿನ ಎರಡು ವಾರಕ್ಕೂ ಆರಿಸಿದ್ದು, ಹೀಗೆ ಹಂಚಿಕೊಳ್ಳಿ. ವರ್ಷದ ಮ್ಯಾಚುಗಳನ್ನು ಎಣಿಸಿದರೆ ಎಷ್ಟು ಡಬ್ಬಿ ಅಂತ ಲೆಕ್ಕ ಸಿಗುತ್ತದೆ.

ಮಳೆಗಾಲದಲ್ಲಿ ತೇವಕ್ಕೆ ಸೀಸದ ಮೇಲೆ ಬಿಳಿ ಪುಡಿ ಹಿಡಿಯುತ್ತದೆ. ಅಂಥ ಪೆಲೆಟ್ ಬಳಸಬೇಡಿ, ಆ ಪುಡಿ ಕೈಗೂ ಕೆಟ್ಟದ್ದು. ಡಬ್ಬಿಗಳನ್ನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಬಾಕ್ಸಿನಲ್ಲಿ, ಸಿಲಿಕಾ ಪೊಟ್ಟಣದ ಜೊತೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಪ್ರತಿ ಡಬ್ಬಿ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಮೂರು ವಿಷಯ ಬರೆಯಿರಿ: ಯಾವ ರೈಫಲ್‌ಗೆ, ಟೆಸ್ಟ್ ಮಾಡಿದ ದಿನಾಂಕ, ಮೂರು ಗ್ರೂಪಿನ ಸರಾಸರಿ. ಕೊನೆಯ ಎರಡು ಡಬ್ಬಿ ಉಳಿದಾಗ ಹೊಸ ಬ್ಯಾಚ್ ಹುಡುಕಲು ಶುರು ಮಾಡಿ, ಹಳೆಯದರಲ್ಲಿ 50 ಗುಂಡು ಎತ್ತಿಡಿ. ಹೊಸದನ್ನು ಅದರ ಪಕ್ಕದಲ್ಲಿಟ್ಟು, ಅದೇ ದಿನ, ಅದೇ ಬೆಂಚಿನಿಂದ ಹೊಡೆದು ನೋಡಬೇಕು.